ಕಿಷ್ಕಿಂಧೆಯ ಕಾಡೂ ದೇಶವಿರೋಧವೂ

ಕಾಡನ್ನು ಸಂದರ್ಶಿಸಿ ಬಂದು ಅದರ ಮೇಲೆ ಗದ್ಯ ಬರೆಯುವ ಪದ್ಧತಿ ಕನ್ನಡದಲ್ಲಿ ಚೆನ್ನಾಗಿ ಬೇರೂರಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಗುಡ್ಡಗಾಡನ್ನು ಕುರಿತ ಬರಹಗಳನ್ನು ಓದುವಾಗ ಒಂದು ದೋಷವು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಲೇಖಕನು ನಡೆದದ್ದು ಆನೆಗೊಂದಿಯ ಬಂಡೆಗಳ ನಡುವೆ. ಬರೆದದ್ದು ಮಾತ್ರ ಆಗುಂಬೆಯ ಘಟ್ಟವನ್ನು ಕುರಿತಂತೆ ಇರುತ್ತದೆ. ಹಸುರು ಹೊದಿಕೆ, ಮಂಜಿನ ತೆರೆ, ಬಿಸಿಲು ಕಾಣದ ಮರಗತ್ತಲೆ ಎಂಬ ಮಾತುಗಳು ಸಾಲುಸಾಲಾಗಿ ಬರುತ್ತವೆ. ಕೊಪ್ಪಳ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು; ಆಗುಂಬೆಯಲ್ಲಿ ಬೀಳುವುದು ಅದರ ಹತ್ತು ಪಟ್ಟಿಗೂ ಮಿಗಿಲು. ಇಷ್ಟು ಅಂತರವುಳ್ಳ ಎರಡು ನಾಡುಗಳಿಗೆ ಒಂದೇ ವರ್ಣನೆಯು ಒಪ್ಪುವುದೆಂತು?

ಪ್ರಾಚೀನ ಅಲಂಕಾರಿಕರು ಈ ದೋಷಕ್ಕೆ ಹೆಸರಿಟ್ಟಿದ್ದಾರೆ. ಮಹಾಕಾವ್ಯದ ಲಕ್ಷಣ ಹೇಳುವಾಗ ದಂಡಿಯು ನಗರ, ಸಮುದ್ರ, ಪರ್ವತ, ಋತು, ಉದ್ಯಾನ ಮೊದಲಾದವುಗಳನ್ನು ಎಣಿಸುತ್ತಾನೆ. ಆ ಪಟ್ಟಿಯಲ್ಲಿ ಅರಣ್ಯದ ಹೆಸರಿಲ್ಲ. ವನವನ್ನು ಸ್ಪಷ್ಟವಾಗಿ ಸೇರಿಸಿದವರಲ್ಲಿ ಸಾಹಿತ್ಯದರ್ಪಣದ ವಿಶ್ವನಾಥನೊಬ್ಬನು. ಆದರೆ ಅದೇ ದಂಡಿಯು ಕಾವ್ಯಾದರ್ಶದ ಕಡೆಯಲ್ಲಿ ದೋಷಗಳನ್ನು ವಿವರಿಸುವಾಗ ದೇಶವಿರೋಧವೆಂಬುದೊಂದನ್ನು ಹೇಳಿ, ದೇಶವೆಂದರೆ ಬೆಟ್ಟ, ಕಾಡು, ರಾಷ್ಟ್ರ ಮೊದಲಾದವು ಎಂದು ಅರ್ಥ ಮಾಡುತ್ತಾನೆ. ಒಂದು ನಾಡಿನಲ್ಲಿ ಹುಟ್ಟದ ವಸ್ತುವನ್ನು ಅಲ್ಲಿ ಹುಟ್ಟಿತೆಂದು ಹೇಳುವುದು ಈ ದೋಷ. ರಾಜಶೇಖರನಂತೂ ಕಾವ್ಯಮೀಮಾಂಸೆಯಲ್ಲಿ ದೇಶವಿಭಾಗಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಕವಿಯು ಕಲ್ಪನೆಯಲ್ಲಿ ಎಷ್ಟು ಸ್ವತಂತ್ರನಾದರೂ ನೆಲದ ವಿಷಯದಲ್ಲಿ ಬಲ್ಲವನಾಗಿರತಕ್ಕದ್ದೆಂಬುದು ಅವರ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ಕಿಷ್ಕಿಂಧೆಯನ್ನು ಮೊದಲು ವರ್ಣಿಸಿದವನು ವಾಲ್ಮೀಕಿ. ಅವನ ಪಂಪಾತೀರವು ಹೂವು, ಹಕ್ಕಿ, ದುಂಬಿಗಳಿಂದ ತುಂಬಿ ತುಳುಕುತ್ತದೆ. ಇಂದು ಆನೆಗೊಂದಿಯ ಬಳಿ ಪಂಪಾಸರೋವರವೆಂದು ತೋರಿಸುವ ಕೊಳದ ಸುತ್ತ ಕಲ್ಲುಗುಂಡುಗಳ ರಾಶಿಯೇ ಹೆಚ್ಚು. ಹಾಗಾದರೆ ಆದಿಕವಿಯಲ್ಲಿಯೂ ದೇಶವಿರೋಧವುಂಟೋ ಎಂದು. ಕಿಷ್ಕಿಂಧಾಕಾಂಡದ ಮೊದಲ ಸರ್ಗವನ್ನು ನಿಧಾನವಾಗಿ ಓದಿದವರು ಹೀಗೆ ಕೇಳಲಾರರು. ಅಲ್ಲಿ ರಾಮನು ಲಕ್ಷ್ಮಣನಿಗೆ ತೋರಿಸುವ ಮರಗಳಲ್ಲಿ ಕಿಂಶುಕವೂ ಒಂದು, ಎಂದರೆ ಮುತ್ತುಗ. ಬೆಟ್ಟದ ತಪ್ಪಲುಗಳು ಮುತ್ತುಗದ ಹೂವಿನಿಂದ ಉರಿಯುತ್ತಿರುವಂತೆ ಕಾಣುತ್ತವೆಂದು ಹೇಳುವಾಗ, ಆ ಮರಗಳು ನಿಷ್ಪತ್ರಗಳೆಂದು ಕವಿಯು ವಿಶೇಷಣವಿಡುತ್ತಾನೆ. ಈ ಒಂದು ಮಾತಿನಲ್ಲಿ ಕಣ್ಣಾರೆ ಕಂಡ ಸತ್ಯವಿದೆ. ಬಯಲುಸೀಮೆಯ ಒಣಗಾಡಿನಲ್ಲಿ ಮರವು ನೀರನ್ನು ಉಳಿಸಿಕೊಳ್ಳಲು ಬೇಸಗೆಯ ಮುನ್ನ ಎಲೆಯುದುರಿಸುತ್ತದೆ. ಬರಿಯ ಕೊಂಬೆಯ ಮೇಲೆಯೇ ಹೂ ಬಿಡುತ್ತದೆ. ಫಾಲ್ಗುಣದಲ್ಲಿ ಈ ಗುಡ್ಡಗಳನ್ನು ಹತ್ತಿದವರಿಗೆ ಮುತ್ತುಗವು ಇಂದಿಗೂ ಹಾಗೆಯೇ ಕಾಣುತ್ತದೆ. ಮುಂದಿನ ಕವಿಗಳಲ್ಲಿ ಬಹುಮಂದಿ ಬೆಂಕಿಯ ಉಪಮಾನವನ್ನು ಇಟ್ಟುಕೊಂಡು ಎಲೆಯಿಲ್ಲದಿರುವಿಕೆಯನ್ನು ಮರೆತರು. ಉಪಮಾನವು ರೂಢಿಯ ಸೊತ್ತಾಯಿತು; ನೋಟವು ಕೈಬಿಟ್ಟಿತು.

ಒಣಗಾಡಿನಲ್ಲಿ ಕಾವ್ಯಕ್ಕೆ ತಕ್ಕ ವಸ್ತುವಿಲ್ಲವೆನ್ನುವವರಿಗೆ ಭವಭೂತಿಯು ಇನ್ನೊಂದು ಉತ್ತರ. ಉತ್ತರರಾಮಚರಿತದ ಎರಡನೆಯ ಅಂಕದಲ್ಲಿ ದಂಡಕಾರಣ್ಯವು ಒಂದು ಕಡೆ ಸ್ನಿಗ್ಧವಾಗಿಯೂ ಮತ್ತೊಂದು ಕಡೆ ಭೀಷಣವಾಗಿ ರೂಕ್ಷವಾಗಿಯೂ ಕಾಣುತ್ತದೆ. ಬಾಯಾರಿದ ಓತಿಗಳು ಹೆಬ್ಬಾವಿನ ಮೈಬೆವರನ್ನು ಹೀರುವ ಚಿತ್ರವನ್ನು ಅವನು ಅಂಜದೆ ಬರೆದನು. ವಿದರ್ಭದ ಬಿಸಿಲನ್ನು ಬಲ್ಲ ಕವಿಗೆ ರೂಕ್ಷತೆಯನ್ನು ಮುಚ್ಚಿಡಬೇಕೆಂದು ತೋರಲಿಲ್ಲ. ಆ ರೂಕ್ಷತೆಯೇ ರಾಮನ ಶೋಕಕ್ಕೆ ಉದ್ದೀಪನವಾಯಿತು.

ಹೊಸಗನ್ನಡಕ್ಕೆ ಬಂದರೆ ಪ್ರಶ್ನೆಯು ಇನ್ನೂ ಸೂಕ್ಷ್ಮವಾಗುತ್ತದೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿ ಹೊರಬಂದಾಗ ಕನ್ನಡದ ವನಗದ್ಯಕ್ಕೆ ಒಂದು ಮೇಲ್ಪಂಕ್ತಿ ದೊರೆಯಿತು. ಅವರ ‘ಶ್ರೀ ರಾಮಾಯಣ ದರ್ಶನಂ’ 1949ರಲ್ಲಿ ಪ್ರಕಟವಾಯಿತು. ಅದರ ಕಿಷ್ಕಿಂಧಾ ಸಂಪುಟದ ಕಾಡಿನಲ್ಲಿಯೂ ಮಳೆಯಲ್ಲಿಯೂ ಸಹ್ಯಾದ್ರಿಯ ಛಾಯೆ ದಟ್ಟವಾಗಿದೆಯೆಂಬುದನ್ನು ಸಹೃದಯರು ಬಲ್ಲರು. ಇದು ದೋಷವೇ? ಈ ಬಗೆಯ ವಿರೋಧವು ಕವಿಯ ಕೌಶಲದಿಂದ ಒಮ್ಮೊಮ್ಮೆ ದೋಷದ ಎಣಿಕೆಯನ್ನು ದಾಟಿ ಗುಣವಾಗಬಲ್ಲದೆಂದು ದಂಡಿಯೇ ಅನುಮತಿ ಕೊಟ್ಟಿದ್ದಾನೆ. ಕುವೆಂಪು ಅವರಿಗೆ ಸಹ್ಯಾದ್ರಿಯು ಅನುಭವದ ಕಾಡು. ತಮ್ಮ ಕಾಡಿಗೆ ರಾಮನನ್ನು ಬರಮಾಡಿಕೊಂಡದ್ದು ಅವರ ದರ್ಶನಕ್ಕೆ ಸಹಜವಾಗಿತ್ತು. ಯಲಬುರ್ಗಾದಲ್ಲಿ ಹುಟ್ಟಿದವನು ತನ್ನ ಊರ ಗುಡ್ಡವನ್ನು ಬಿಟ್ಟು ಅದೇ ಮಾತುಗಳನ್ನು ಎರವಲು ತಂದರೆ ಅಲ್ಲಿ ಅನುಭವವೂ ಇಲ್ಲ, ಕೌಶಲವೂ ಇಲ್ಲ. ದೋಷವು ದೋಷವಾಗಿಯೇ ಉಳಿಯುತ್ತದೆ. ಕುವೆಂಪು ಅವರಿಂದ ಕಲಿಯತಕ್ಕದ್ದು ತನ್ನ ಕಾಡನ್ನು ತಾನು ನೋಡುವ ಶ್ರದ್ಧೆಯನ್ನು.

ಈ ಸೀಮೆಯಲ್ಲಿ ನೋಡಲು ಏನಿದೆ? ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಗುಡ್ಡವನ್ನೇ ತೆಗೆದುಕೊಳ್ಳಬಹುದು. ಕುರುಚಲು ಗಿಡಗಳ ನಡುವೆ ಹತ್ತಿಹೋದರೆ, ಜನರು ಮೋರ್ಯರ ಮನೆಗಳೆನ್ನುವ ಕ್ರಿಸ್ತಪೂರ್ವ ಕಾಲದ ಶಿಲಾಸಮಾಧಿಗಳು ಸುಮಾರು 400 ಅಲ್ಲಿವೆ; 2021ರಲ್ಲಿ ಅವು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಬಡಿದರೆ ನಗಾರಿಯಂತೆ ಧ್ವನಿಗೊಡುವ ಬಂಡೆಯೊಂದು ಅಲ್ಲಿದೆ. ಅಂಜನಾದ್ರಿಯ ಮೇಲೆ ನಿಂತರೆ ಒಂದು ಕಡೆ ತುಂಗಭದ್ರೆಯ ಹರಿವು, ಕೆಳಗೆ ಭತ್ತದ ಗದ್ದೆ, ಸುತ್ತಲೂ ಬಂಡೆಗಲ್ಲಿನ ಬೆಟ್ಟ. 1953ರಲ್ಲಿ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆ ಹರಿದ ಮೇಲೆ ಗಂಗಾವತಿಯು ಭತ್ತದ ಕಣಜವೆನಿಸಿತು. ಕುಷ್ಟಗಿ ಯಲಬುರ್ಗಾಗಳ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿ ಜೋಳ ಸಜ್ಜೆ ಬೆಳೆಯುತ್ತವೆ. ಒಂದು ಜಿಲ್ಲೆಯಲ್ಲಿಯೇ ಎರಡು ಬಗೆಯ ಪ್ರಕೃತಿಯನ್ನು ನೋಡಬಲ್ಲ ಲೇಖಕನಿಗೆ ವಸ್ತುದಾರಿದ್ರ್ಯವೆಲ್ಲಿಯದು?

ಗಿಡಮರಗಳ ಹೆಸರಿನಲ್ಲಿಯೂ ಕಥೆಗಳಿವೆ. ಈ ಗುಡ್ಡಗಳಲ್ಲಿ ತಾನೇ ತಾನಾಗಿ ಬೆಳೆಯುವ ಸೀತಾಫಲವು ಅಮೆರಿಕಾ ಖಂಡದಿಂದ ಬಂದ ಗಿಡ. ಕಡಲಾಚೆಯಿಂದ ಬಂದ ಹಣ್ಣಿಗೆ ಜನರು ಸೀತೆಯ ಹೆಸರನ್ನಿಟ್ಟು ಅದನ್ನು ರಾಮಾಯಣದೊಳಗೆ ಕರೆದುಕೊಂಡರು. ಬಳ್ಳಾರಿ ಜಾಲಿಯೂ ಅಲ್ಲಿಂದಲೇ ಬಂದದ್ದು. ಅದು ಬೀಳುನೆಲವನ್ನೆಲ್ಲ ಆಕ್ರಮಿಸಿತು, ಆದರೆ ಯಾವ ದೇವರ ಹೆಸರೂ ಅದಕ್ಕೆ ದೊರೆಯಲಿಲ್ಲ. ಕಮರ, ಕಕ್ಕೆ, ಕಾರೆ, ಬಾರಿ, ತಂಗಡಿ ಎಂಬಿವು ಕುರಿಗಾಹಿಗಳ ಬಾಯಲ್ಲಿ ದಿನವೂ ಬರುವ ಹೆಸರುಗಳು. ಪ್ರವಾಸಗದ್ಯದಲ್ಲಿ ಅವೆಲ್ಲ ‘ಪೊದೆ’ ಎಂಬ ಒಂದು ಶಬ್ದದೊಳಗೆ ಅಡಗಿಹೋಗುತ್ತವೆ.

ಇದು ಪಂಡಿತರ ಚರ್ಚೆಯಷ್ಟೇ ಎಂದು ಉದಾಸೀನ ಮಾಡತಕ್ಕದ್ದಲ್ಲ. ಹಸುರೊಂದೇ ಕಾಡೆಂಬ ಭಾವನೆಯು ಬಲಿತರೆ, ಹಸುರಲ್ಲದ ಕಾಡು ಬರಡೆನಿಸಿಕೊಳ್ಳುತ್ತದೆ. ಬರಡೆಂಬ ಹೆಸರು ಅಂಟಿದ ನೆಲಕ್ಕೆ ರಕ್ಷಕರು ಸಿಗುವುದು ಕಷ್ಟ. ಬೆಟ್ಟವನ್ನು ಸೀಳಿ ಕಲ್ಲು ಸಾಗಿಸಿದರೂ, ಗುಡ್ಡದ ಗಿಡಗಳನ್ನು ಕಿತ್ತರೂ, ಏನೋ ನಷ್ಟವಾಯಿತೆಂದು ಓದುಬಲ್ಲವರಿಗೆ ತೋರುವುದಿಲ್ಲ. ಆದರೆ ಈ ಬರಡೇ ತೋಳ, ಕರಡಿ, ಚಿರತೆಗಳ ಮನೆ. ಹೊಳೆಯಾಚೆ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಈಚೆಯ ದಡದಲ್ಲಿ ಬಂಕಾಪುರದ ಕುರುಚಲು ಕಾಡು ಈಚೆಗೆ ತೋಳಧಾಮವೆನಿಸಿದೆ. ಜಾಂಬವಂತನ ಕುಲವು ಕಿಷ್ಕಿಂಧೆಯ ಸೀಮೆಯಲ್ಲಿ ಇನ್ನೂ ಉಳಿದಿದೆಯೆಂಬುದನ್ನು ಸರಕಾರದ ಆಜ್ಞಾಪತ್ರಗಳು ಕಂಡುಕೊಂಡವು. ಸಾಹಿತ್ಯವು ಇನ್ನೂ ಕಂಡುಕೊಳ್ಳಬೇಕಾಗಿದೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣನಗರವನ್ನು ಹೆಸರಿಸಿದೆ. ಭಾಷೆಯ ತಿರುಳೆನಿಸಿದ ಸೀಮೆಯು ತನ್ನ ಕಾಡಿಗೆ ಪರಸೀಮೆಯ ವರ್ಣನೆಯನ್ನು ಬೇಡುವುದು ಶೋಭಿಸದು. ಊರೂರ ಶಾಲೆಗಳಲ್ಲಿ ವನಸಂಚಾರದ ಮೇಲೆ ನಿಬಂಧ ಬರೆಯಿಸುವ ಉಪಾಧ್ಯಾಯರು ಮೊದಲು ಹುಡುಗರನ್ನು ಹತ್ತಿರದ ಗುಡ್ಡಕ್ಕೆ ಕರೆದೊಯ್ದು, ಕುರಿಗಾಹಿಯೊಬ್ಬನನ್ನು ಕೇಳಿ ಹತ್ತು ಗಿಡಗಳ ಹೆಸರನ್ನಾದರೂ ಬರೆಯಿಸಲಿ. ಯಾವುದು ಯಾವ ಮಾಸದಲ್ಲಿ ಎಲೆಯುದುರಿಸುವುದೆಂದು ಗುರುತು ಹಾಕಿಸಲಿ. ಅಲಂಕಾರವು ಆಮೇಲೆ ಬರಲಿ. ನಿಷ್ಪತ್ರವೆಂಬ ವಿಶೇಷಣವು ಆದಿಕವಿಗೆ ದೊರೆತದ್ದು ಈ ದಾರಿಯಿಂದಲೇ ಇರಬೇಕು.