ರಘುವಂಶಸುಧೆಗೆ ಯಾಕಿಷ್ಟು ಅವಸರ?

ವೀಣೆಗೆ ಮೇಣ ಕಟ್ಟುವವರ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಹೇಳಿದ್ದೆ. ಅಷ್ಟರಲ್ಲಿ ನಮ್ಮ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಓದುಗರೊಬ್ಬರು ಫೋನ್ ಮಾಡಿದರು. ಶಾಲಾ ವಾರ್ಷಿಕೋತ್ಸವಕ್ಕೆ ಮಗಳು ಪಿಟೀಲಿನಲ್ಲಿ ‘ರಘುವಂಶಸುಧಾ’ ನುಡಿಸಬೇಕಂತೆ. ‘ಯಾವ ಶ್ರುತಿ ಸಾರ್, ಎಷ್ಟು ಸ್ಪೀಡು? ಯೂಟ್ಯೂಬ್ ನೋಡಿದರೆ ಒಬ್ಬೊಬ್ಬರದು ಒಂದೊಂದು ಥರ’ ಎಂದರು. ಮೇಣ ಎಲ್ಲಿಗೂ ಓಡಿಹೋಗುವುದಿಲ್ಲ, ಕಾಯಲಿ.

ಈ ಕೃತಿಯ ಕದನಕುತೂಹಲ ರಾಗ ಕೃತಿಕಾರ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ (1845–1902) ಅವರದೇ ಸೃಷ್ಟಿಯೆಂದೂ ಪಾಶ್ಚಾತ್ಯ ಸಂಗೀತ ಕಿವಿಗೆ ಬಿದ್ದದ್ದರ ಫಲವೆಂದೂ ಹೇಳುತ್ತಾರೆ. ಆದರೆ ಅವರು ಹೆಸರಾದದ್ದು ‘ಬೇಗಡೆ ಸುಬ್ರಹ್ಮಣ್ಯ ಅಯ್ಯರ್’ ಎಂದು. ವೇಗದ ಭಕ್ತರು ಇದನ್ನು ಮರೆತೇಬಿಟ್ಟಿದ್ದಾರೆ. ಬೇಗಡೆ ಆತುರಗಾರರಿಗೆ ಒಲಿಯುವ ರಾಗವೇ? ಅದರ ಮಧ್ಯಮ, ನಿಷಾದಗಳ ಜಾಗ ಹಿಡಿಯುವಷ್ಟರಲ್ಲಿ ತಲೆ ಹಣ್ಣಾಗುತ್ತದೆ. ನಮ್ಮ ಮೈಸೂರು ವಾಸುದೇವಾಚಾರ್ಯರು ಅರಮನೆಯ ನೆರವಿನಿಂದ ತಿರುವೈಯಾರಿಗೆ ಹೋಗಿ ಪಾಠ ಹೇಳಿಸಿಕೊಂಡದ್ದು ಇವರಲ್ಲಿಯೇ. ಅಂಥ ಗುರು ಕಟ್ಟಿದ ಕೃತಿ ಓಟದ ಪಂದ್ಯಕ್ಕಲ್ಲ.

ರಾಗದ ನಡೆಯನ್ನೇ ನೋಡಿ. 29ನೇ ಮೇಳ ಧೀರಶಂಕರಾಭರಣದ ಮಗು ಇದು. ಆರೋಹಣ ಸ ರಿ ಮ ದ ನಿ ಗ ಪ ಸ. ಅವರೋಹಣದಲ್ಲಿ ಏಳು ಸ್ವರಗಳೂ ಸಾಲಾಗಿ ಇಳಿಯುತ್ತವೆ. ರಾಗದ ಪ್ರಾಣವೆಲ್ಲ ಇರುವುದು ಹತ್ತುವಾಗಿನ ಆ ವಕ್ರದಲ್ಲಿ, ನಿಷಾದದಿಂದ ಗಾಂಧಾರಕ್ಕೆ ನೆಗೆಯುವಲ್ಲಿ. ಗಮಕದ ಆಸರೆ ಹೆಚ್ಚಿಲ್ಲದ್ದರಿಂದ ಒಂದೊಂದು ಸ್ವರವೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಬಂಗಾರಪೇಟೆಯಿಂದ ಹೊರಟ ಮಾರಿಕುಪ್ಪಂ ಪ್ಯಾಸೆಂಜರ್ ಕೋರಮಂಡಲ್, ಉರಿಗಾಂ, ಚಾಂಪಿಯನ್ ಯಾವುದರಲ್ಲೂ ನಿಲ್ಲದೆ ಹೋದರೆ ಜನ ಇಳಿಯುವುದೆಲ್ಲಿ? ಆದಿತಾಳವನ್ನು ಮೊದಲೇ ಓಡಿಸಿಬಿಟ್ಟರೆ ಗಾಂಧಾರದ ಗತಿಯೂ ಅದೇ. ಉಳಿಯುವುದು ಬರೀ ಶಂಕರಾಭರಣದ ಸದ್ದು. ಕೃತಿಯ ಚುರುಕು ಬರಬೇಕಾದದ್ದು ಸಾಹಿತ್ಯದ ಒತ್ತು, ಚಿಟ್ಟೆಸ್ವರದ ಹೆಣಿಗೆಗಳಿಂದ. ತಾಳ ಹಾಕುವ ಕೈ ಮಾತ್ರ ಸಮಾಧಾನದಲ್ಲೇ ಇರಬೇಕು.

ಇಷ್ಟು ಹೇಳಿದರೆ ‘ಕದ್ರಿ ಗೋಪಾಲನಾಥ್ ಸ್ಯಾಕ್ಸಫೋನಿನಲ್ಲಿ ಎಂಥ ಬಿರುಸು ತಂದರಲ್ಲ’ ಎನ್ನುವವರು ಎದ್ದು ನಿಲ್ಲುತ್ತಾರೆ. ತಂದರು, ನಿಜ. ಅದು ಉಸಿರಿನ ವಾದ್ಯ. ಎಲ್ಲಿ ಬಿಡಬೇಕು ಎಲ್ಲಿ ಹಿಡಿಯಬೇಕು ಎಂಬುದನ್ನು ಉಸಿರೇ ಕಲಿಸುತ್ತದೆ. ಅವರ ಬಿರುಸನ್ನಷ್ಟೇ ಎತ್ತಿಕೊಂಡು ಉಸಿರಾಟವನ್ನು ಅಲ್ಲೇ ಬಿಟ್ಟು ಬಂದವರ ಕಮಾನು ತಂತಿಯ ಮೇಲೆ ಗರಗಸ ಆಗುತ್ತದೆ. ಅದರ ಜೊತೆಗೊಂದು ಡ್ರಮ್ ಪ್ಯಾಡ್ ಸೇರಿದರೆ ‘ಫ್ಯೂಷನ್’, ಚಪ್ಪಾಳೆ.

ಕದ್ರಿಯವರಿಗೆ ಸ್ಯಾಕ್ಸಫೋನಿನ ಮೋಹ ಹತ್ತಿಸಿದ್ದು ಮೈಸೂರು ಅರಮನೆಯ ಬ್ಯಾಂಡು. ಪಿಟೀಲಿನದೂ ಇಂಥದೇ ಕಥೆ: ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿಗಳು ಅದನ್ನು ಮದರಾಸಿನಲ್ಲಿ ಬ್ರಿಟಿಷರ ಬ್ಯಾಂಡಿನವರಿಂದ ಕಲಿತರು. ಅಣ್ಣ ಆ ಇಂಗ್ಲಿಷ್ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೊಟ್ಟುಸ್ವರ ಮಾಡಿದರು. ‘ಗಾಡ್ ಸೇವ್ ದ ಕಿಂಗ್’ ಮಟ್ಟು ಅವರ ಕೈಯಲ್ಲಿ ‘ಸಂತತಂ ಪಾಹಿಮಾಂ’ ಆಯಿತು. ದೊರೆಗಳ ಬಂಗಲೆ, ಕ್ಲಬ್ಬು, ಚರ್ಚುಗಳ ನಡುವೆ ಬೆಳೆದ ಕೆಜಿಎಫ್‌ನ ಕಿವಿಗೆ ಈ ಕೊಡುಕೊಳ್ಳುವಿಕೆ ಹೊಸದಲ್ಲ. ಒಂದು ಬೀದಿಯಲ್ಲಿ ಪಿಟೀಲನ್ನು ಗದ್ದಕ್ಕೆ ಒತ್ತಿ ನಿಂತು ನುಡಿಸುತ್ತಾರೆ. ಪಕ್ಕದ ಬೀದಿಯಲ್ಲಿ ಚಕ್ಕಳಮಕ್ಕಳ ಕೂತು, ಅದರ ತಲೆಯನ್ನು ಪಾದಕ್ಕೆ ಆನಿಸಿ, ತಂತಿಗಳನ್ನು ಸ–ಪ–ಸ–ಪ ಎಂದು ಕೂಡಿಸಿಕೊಳ್ಳುತ್ತಾರೆ. ಎರಡೂ ಬೀದಿಯವರು ಒಟ್ಟಿಗೆ ತಲೆದೂಗುವ ರಾಗವೆಂದರೆ ಕದನಕುತೂಹಲವೇ. ಅದಕ್ಕೇ ಇದನ್ನು ‘ತುಕ್ಕಡ’ ಎಂದು ಮೂಗು ಮುರಿಯುವ ಶಾಸ್ತ್ರಿಗಳ ಮೇಲೂ ನನಗೆ ಸಿಟ್ಟು. ಪುಟ್ಟದೆಂದ ಮಾತ್ರಕ್ಕೆ ಹಗುರವೇ?

ಇನ್ನು ಶ್ರುತಿ. ಮೇಲಕ್ಕೇರಿಸಿದಷ್ಟೂ ಸಭೆ ಬೆಚ್ಚಿಬೀಳುತ್ತದೆ ಎಂಬ ಭ್ರಮೆ ಇತ್ತೀಚೆಗೆ ಹೆಚ್ಚಿದೆ. ಪಿಟೀಲು ಚೌಡಯ್ಯನವರು ಮಾಡಿದ್ದು ಇದಕ್ಕೆ ಪೂರಾ ವಿರುದ್ಧ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ಅವರು 1927ರ ಹೊತ್ತಿಗೆ ಏಳು ತಂತಿಯ ಪಿಟೀಲು ಹಿಡಿದರು. ಹೆಚ್ಚಿಗೆ ಹಾಕಿದ ಮೂರು ತಂತಿಗಳನ್ನು ಕೂಡಿಸಿದ್ದು ಒಂದು ಸ್ಥಾಯಿ ಕೆಳಗೆ. ನಾದ ದಪ್ಪಗಾಯಿತು, ಕೀರಲಾಗಲಿಲ್ಲ. ಈಗ ಮೈಕಿದೆ, ಆಂಪ್ಲಿಫೈಯರ್ ಇದೆ, ಆದರೂ ತಂತಿಯನ್ನು ಕಿತ್ತುಬರುವ ಹಾಗೆ ಬಿಗಿಯುತ್ತಾರೆ. ಕದನಕುತೂಹಲದ ಭಾವ ಹುರುಪು, ಕಿರುಚಾಟವಲ್ಲ. ಮಂದ್ರದ ಬೆಂಬಲ ತಪ್ಪಿದರೆ ಹುರುಪು ಹೋಗಿ ಚೀರಾಟ ಉಳಿಯುತ್ತದೆ.

ರಾಬರ್ಟ್‌ಸನ್‌ಪೇಟೆಯ ಸ್ವಾಮಿ, ನನ್ನ ತೀರ್ಪು ಇಷ್ಟು. ಎರಡು ಮನೆ ಶ್ರುತಿ ಸಾಕು, ಎರಡೂವರೆ ದಾಟಬೇಡಿ. ಮಗಳು ಪಲ್ಲವಿಯನ್ನು ತಾನೇ ಹಾಡಿಕೊಂಡು, ಪದಗಳು ನಾಲಿಗೆಗೆ ತೊಡರದಂಥ ಕಾಲಪ್ರಮಾಣ ಹಿಡಿಯಲಿ. ಕಮಾನು ಅದನ್ನೇ ಅನುಸರಿಸಲಿ. ಚಿಟ್ಟೆಸ್ವರ ಬಂದಾಗ ತಾಳ ಓಡದಂತೆ ಮೃದಂಗದ ಹುಡುಗನಿಗೆ ಮೊದಲೇ ಹೇಳಿಡಿ. ಶಾಲೆಯವರು ಕೀಬೋರ್ಡ್ ಕೊಡುತ್ತೇವೆಂದರೆ ನಮಸ್ಕಾರ ಮಾಡಿ ವಾಪಸ್ ಕಳಿಸಿ.