ಭಿಸಿ ಡಬ್ಬಿಯ ಕೊನೆಯ ಚೀಟಿ

ಕಲಬುರಗಿಯ ಮೋಮಿನಪುರದಂಥ ಓಣಿಗಳಲ್ಲಿ ಮನೆಯ ಗಳಿಕೆ ಬಿದ್ದಾಗ ಬ್ಯಾಂಕಿನ ಮೆಟ್ಟಿಲಿಗಿಂತ ಮೊದಲು ನೆನಪಾಗುವುದು ಭಿಸಿ. ಹತ್ತು ಮಂದಿ ಹೆಂಗಸರು, ತಿಂಗಳಿಗೆ ತಲಾ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಹೆಸರು ಬರೆದು ಮಡಿಸಿದ ಚೀಟಿಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ ಅಲುಗಿಸಿ, ಸಣ್ಣ ಮಗುವಿನ ಕೈಯಿಂದ ಒಂದನ್ನು ಎತ್ತಿಸುತ್ತಾರೆ. ಎದ್ದ ಹೆಸರಿಗೆ 10,000. ಆ ಚೀಟಿ ಮತ್ತೆ ಡಬ್ಬಿಗೆ ಬೀಳುವುದಿಲ್ಲ, ಕಂತು ಮಾತ್ರ ಹತ್ತೂ ತಿಂಗಳು ಕಟ್ಟಬೇಕು. ಹರಾಜಿನ ಭಿಸಿಯ ಮಾತು ಬೇರೆ. ಚೀಟಿಯ ಭಿಸಿಯಲ್ಲಿ ಬಡ್ಡಿಯಿಲ್ಲ, ಜಾಮೀನಿಲ್ಲ. ಬಡ್ಡಿಯನ್ನು ಹರಾಮ್ ಎಂದು ದೂರವಿಟ್ಟ ಮನೆಗಳಿಗೆ ಇದಕ್ಕಿಂತ ಮರ್ಯಾದೆಯ ದಾರಿ ಕಡಿಮೆ. ಮಗಳ ಫೀಸೋ ಆಸ್ಪತ್ರೆಯ ಖರ್ಚೋ ಎದುರಾದಾಗ "ಈ ಸಲ ನನಗ ಬಿಡ್ರಿ ಆಪಾ" ಎಂದರೆ ಸರದಿ ಬಿಟ್ಟುಕೊಡುವವರೂ ಸಿಗುತ್ತಾರೆ. ಈ ಪದ್ಧತಿಯ ಬಗ್ಗೆ ನನಗೆ ತುಂಬ ಗೌರವವಿದೆ. ಅದಕ್ಕೇ ಅದರ ಬಿರುಕನ್ನೂ ಹೇಳಬೇಕು ಅನಿಸುತ್ತದೆ.

ಭಿಸಿ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಕಷ್ಟ ಸರದಿಯಲ್ಲಿ ಬರುತ್ತದೆ, ಈ ತಿಂಗಳು ನನ್ನ ಮನೆಗೆ, ಬರುವ ತಿಂಗಳು ನಿನ್ನ ಮನೆಗೆ. 2020ರಲ್ಲಿ ಕಷ್ಟ ಸರದಿ ಕೇಳಲಿಲ್ಲ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯದು, ಮಾರ್ಚ್ 10ರಂದು. ಮಾರ್ಚ್ 25ಕ್ಕೆ ದೇಶಕ್ಕೆಲ್ಲ ಬೀಗ ಬಿತ್ತು. ಮೋಮಿನಪುರ ಮುಂದೆ ಕಂಟೇನ್‌ಮೆಂಟ್ ವಲಯವೂ ಆಯಿತು. ದರ್ಜಿ, ಬಳೆಗಾರ, ಆಟೋದವನು ವರ್ಷವಿಡೀ ಕಾಯುವ ರಂಜಾನ್ ವ್ಯಾಪಾರ ಬೀಗದೊಳಗೇ ಕಳೆಯಿತು. ಇಂಥ ಹೊತ್ತಿನಲ್ಲಿ ಹತ್ತೂ ಮನೆಗೆ ಒಂದೇ ದಿನ ದುಡ್ಡು ಬೇಕು, ಹತ್ತರಲ್ಲಿ ಒಬ್ಬರ ಕೈಯಲ್ಲೂ ಕಂತಿಲ್ಲ. ಮೊದಲ ತಿಂಗಳೇ ಚೀಟಿ ಎದ್ದವಳು ಬಚಾವಾದಳು. ಒಂಬತ್ತು ತಿಂಗಳು ಕಟ್ಟಿ ಕೊನೆಯ ಚೀಟಿಗೆ ಕೂತವಳು ಯಾರನ್ನು ಕೇಳಬೇಕು? ಕೇಳಿದರೆ ಸಂಬಂಧ ಹೋಗುತ್ತದೆ, ಕೇಳದಿದ್ದರೆ 9,000 ಹೋಗುತ್ತದೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ಬಡ್ಡಿ ಓಡಿದರೂ ಕಂತಿಗೆ ಉಸಿರು ಸಿಕ್ಕಿತು. ಭಿಸಿಗೆ ಅಂಥ ಆದೇಶ ಹೊರಡಿಸುವವರಿಲ್ಲ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಪಗಾರ ನಿಂತದ್ದು ಗಂಡನದಾದರೂ ನಿಲ್ಲದ ಕಂತು ಹೆಂಡತಿಯದು. ಎಷ್ಟೋ ಮನೆಗಳಲ್ಲಿ ಗಂಡಸರಿಗೆ ಭಿಸಿಯ ಲೆಕ್ಕವೇ ಗೊತ್ತಿರುವುದಿಲ್ಲ. ಆಗ ಆ ಸಾವಿರ ಹುಟ್ಟುವುದು ಅವಳ ತಟ್ಟೆಯಿಂದ: ಮೊದಲು ಹಾಲಿನ ಚಹಾ ಕಪ್ಪು ಚಹಾ ಆಗುತ್ತದೆ, ಆಮೇಲೆ ತೊಗರಿಬೇಳೆ ತೆಳ್ಳಗಾಗುತ್ತದೆ, ಎಲ್ಲರೂ ಉಂಡ ಮೇಲೆ ಉಳಿದ ಅರ್ಧ ರೊಟ್ಟಿಗೆ ಖಾರಪುಡಿ. ತೊಗರಿಯ ನಾಡಿನಲ್ಲೇ ಹೀಗೆ. ಮನೆ ಸಾವರಿಸಿಕೊಂಡಿತು ಎಂದು ನಾವು ಹೊಗಳುವಾಗ ಈ ತಟ್ಟೆಯನ್ನು ನೋಡಿರುವುದಿಲ್ಲ.

ರಾಜ್ಯ ಸರ್ಕಾರ ಮನೆಯೊಡತಿಗೆ ತಿಂಗಳಿಗೆ ಕೊಡುವ, 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯನ್ನು ನಾನು ಈ ಲೆಕ್ಕದಲ್ಲೇ ತೂಗುತ್ತೇನೆ. ಅದು ಓಣಿಯ ಹೊರಗಿನಿಂದ ಬರುವ ಹಣ, ಓಣಿಗೆ ಓಣಿಯೇ ಕೂತಾಗಲೂ ಬರಬಲ್ಲದು. ತಿಂಗಳು ತಪ್ಪಿ ಬಂದರೆ ಮಾತ್ರ ಕಿರಾಣಿ ಅಂಗಡಿಯ ಉದ್ರಿ ಬೆಳೆಯುತ್ತದೆ.

ಭಿಸಿಯನ್ನು ಬಿಡಬೇಕಿಲ್ಲ, ಅದಕ್ಕೊಂದು ಕಟ್ಟಳೆ ಸೇರಬೇಕು. ಕಂತಿನ ಜೊತೆ ತಲಾ 50 ರೂಪಾಯಿ ಬೇರೆ ಡಬ್ಬಿಗೆ ಬಿದ್ದರೆ ಹತ್ತು ತಿಂಗಳಿಗೆ 5,000. ಅರ್ಧಕ್ಕಿಂತ ಹೆಚ್ಚು ಮನೆಗಳ ಗಳಿಕೆ ನಿಂತ ತಿಂಗಳು ಚೀಟಿ ಎತ್ತುವುದು ಬೇಡ, ಆ ಡಬ್ಬಿ ತೆರೆಯಲಿ, ಮೊದಲ ಪಾಲು ಇನ್ನೂ ಚೀಟಿ ಏಳದವಳಿಗೆ ಹೋಗಲಿ. ಇದನ್ನು ವಹಿಯ ಮೊದಲ ಹಾಳೆಯಲ್ಲೇ ಬರೆದು, ಗಂಡಂದಿರಿಗೂ ಓದಿ ಹೇಳಿ, ಆಮೇಲೆ ಮಗುವನ್ನು ಕರೆದು ಡಬ್ಬಿ ಅಲುಗಿಸಲಿ.