ಗಂಟಿಲ್ಲದ ಮೂಟೆ

1906ರಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯೂ 1924ರಲ್ಲಿ ಕರ್ಣಾಟಕ ಬ್ಯಾಂಕೂ 1931ರಲ್ಲಿ ವಿಜಯಾ ಬ್ಯಾಂಕೂ ಜನ್ಮತಾಳಿದ ಮಂಗಳೂರಿನಲ್ಲಿ ಜಮೆ-ಖರ್ಚುಗಳ ತಾಳೆಯ ಮಹತ್ತ್ವವನ್ನು ಯಾರೂ ಯಾರಿಗೂ ಬೋಧಿಸಬೇಕಾದುದಿಲ್ಲ. ಹಾಗಿದ್ದೂ, ದತ್ತಾಂಶವನ್ನು ತಿದ್ದುವ ಹಲವು ಆದೇಶಗಳನ್ನು ಒಂದೇ ಸ್ಟೋರ್ಡ್ ಪ್ರೊಸೀಜರಿನೊಳಗೆ ಸೇರಿಸಿಬಿಟ್ಟರೆ ಅವೆಲ್ಲ ಏಕಕರ್ಮವಾಗುತ್ತವೆಂಬ ಸ್ತುತಿಯನ್ನು ಇದೇ ಊರಿನ ತಂತ್ರಾಂಶಶಿಲ್ಪಿಗಳ ಬಾಯಲ್ಲಿ ಕೇಳುವಾಗ, ಆ ಕೀರ್ತಿ ಅರ್ಹತೆಯನ್ನು ಮೀರಿ ಬೆಳೆದಿದೆಯೆಂದು ನನಗೆ ತೋರುತ್ತದೆ.

ಈ ಪದ್ಧತಿಗೆ ಗುಣಗಳಿಲ್ಲವೆಂದಲ್ಲ. ಸರ್ವರಿಗೆ ಹಲವು ಸಲ ಹೋಗಿಬರುವುದು ತಪ್ಪುತ್ತದೆ. ಕೋಷ್ಟಕಗಳ ಬೀಗದಕೈಯನ್ನು ಎಲ್ಲರಿಗೂ ಕೊಡದೆ ಪ್ರೊಸೀಜರನ್ನು ನಡೆಸುವ ಅನುಮತಿಯನ್ನಷ್ಟೇ ಕೊಡಬಹುದು. ಇಷ್ಟನ್ನು ಒಪ್ಪಿ ಮುಖ್ಯ ಸಂಗತಿಗೆ ಬರುತ್ತೇನೆ.

ಎರಡೇ ಅಪ್‌ಡೇಟ್ ವಾಕ್ಯಗಳಿವೆಯೆನ್ನೋಣ: ಮೊದಲನೆಯದು ಹಂಪನಕಟ್ಟೆ ಶಾಖೆಯ ಖಾತೆಯಿಂದ 10,000 ರೂಪಾಯಿ ಕಳೆಯುತ್ತದೆ, ಎರಡನೆಯದು ಅದನ್ನು ಸುರತ್ಕಲ್ಲಿನ ಖಾತೆಗೆ ಕೂಡಿಸುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ, ಬೇರೆ ಹೇಳದ ಪಕ್ಷದಲ್ಲಿ, ಪ್ರತಿವಾಕ್ಯವೂ ತಾನೇ ಒಂದು ಸ್ವತಂತ್ರ ಟ್ರಾನ್ಸಾಕ್ಷನ್. ಎರಡನೆಯದು ಮುಗ್ಗರಿಸುವಷ್ಟರಲ್ಲಿ ಮೊದಲನೆಯದು ಶಾಶ್ವತವಾಗಿರುತ್ತದೆ. ಇದಕ್ಕಿಂತ ವಿಚಿತ್ರವಾದುದು ಅದರ ವಿಪರ್ಯಯ: ಶಿಲ್ಕು ಸಾಲದೆಂದು ಕೋಷ್ಟಕದ ನಿರ್ಬಂಧ ಮೊದಲನೆಯದನ್ನು ತಿರಸ್ಕರಿಸಿದರೆ, ಆ ವಾಕ್ಯವೊಂದು ಮಾತ್ರ ಬಿದ್ದು ಎರಡನೆಯದು ಎಂದಿನಂತೆ ನಡೆಯುತ್ತದೆ, ಯಾರ ಖಾತೆಯಿಂದಲೂ ಹೊರಡದ ಹಣ ಸುರತ್ಕಲ್ಲಿಗೆ ಬಂದು ಸೇರುತ್ತದೆ. ಬಿಗಿನ್ ಟ್ರಾನ್ಸಾಕ್ಷನ್, ಕಮಿಟ್ ಎಂದು ಹಿಂದುಮುಂದೆ ಬರೆದರೂ ಸಾಲದು. ಎಕ್ಸ್ಆಕ್ಟ್ ಅಬಾರ್ಟ್ ಎಂಬ ನಿಯಮವನ್ನು ಜಾರಿಗೊಳಿಸದೆ, ಟ್ರೈ-ಕ್ಯಾಚ್‌ನಲ್ಲಿ ದೋಷವನ್ನು ಹಿಡಿದು ರೋಲ್‌ಬ್ಯಾಕ್ ಮಾಡದೆ ಬಿಟ್ಟರೆ, ಆ ಕಮಿಟ್ ಅರ್ಧಕ್ಕೇ ಮುದ್ರೆಯೊತ್ತುತ್ತದೆ. ಇನ್ನು ಖಾತೆಯ ಸಂಖ್ಯೆಯೇ ತಪ್ಪಾಗಿದ್ದರೆ ಒಂದು ಸಾಲೂ ಬದಲಾಗುವುದಿಲ್ಲ, ದೋಷವೂ ಏಳುವುದಿಲ್ಲ. ಎಷ್ಟು ಸಾಲು ಬದಲಾಯಿತೆಂದು ಎಣಿಸಿ ನೋಡುವ ಎಚ್ಚರ ಬರೆದವನಿಗೇ ಇರಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ಹೀಗಾಗದು, ಅಲ್ಲಿ ಫಂಕ್ಷನ್ನಿನೊಳಗಿನದೆಲ್ಲ ಒಟ್ಟಿಗೇ ಉರುಳುತ್ತದೆ, ಎನ್ನುವವರುಂಟು. ನಿಜವೇ, ಆದರೆ ಅದು ಆ ಯಂತ್ರದ ಗುಣವೇ ಹೊರತು ಒಟ್ಟುಗೂಡಿಸುವ ಪದ್ಧತಿಯ ಗುಣವಲ್ಲ. ಪ್ರೊಸೀಜರುಗಳನ್ನೇ ಬಹಿಷ್ಕರಿಸಿ ತರ್ಕವನ್ನೆಲ್ಲ ಅಪ್ಲಿಕೇಶನ್ನಿಗೆ ಒಯ್ಯಬೇಕೆಂಬ ಹೊಸ ಪಂಥದವರ ಗರ್ವವಂತೂ ನನಗೆ ಇನ್ನಷ್ಟು ಅಸಹ್ಯ: ಟ್ರಾನ್ಸಾಕ್ಷನ್ ಇಲ್ಲದ ಎರಡು ಕರೆಗಳನ್ನು ಜಾವಾದಲ್ಲಿ ಬರೆದವನು ದೋಷವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸಿದನೇ ಹೊರತು ನೀಗಲಿಲ್ಲ. ಇಬ್ಬರೂ ಆಶ್ರಯಿಸುವ ಗಣಕವಿಜ್ಞಾನಿ ಜಿಮ್ ಗ್ರೇ 1981ರ ತಮ್ಮ ಲೇಖನದ ಶೀರ್ಷಿಕೆಯಲ್ಲೇ ಟ್ರಾನ್ಸಾಕ್ಷನ್ನಿನ ಗುಣಗಳೊಡನೆ ಮಿತಿಗಳನ್ನೂ ಹೆಸರಿಸಿದ್ದರು. ಭಕ್ತರು ಪೂರ್ವಾರ್ಧವನ್ನಷ್ಟೇ ಓದಿದಂತಿದೆ.

ಹಿಂದಿನ ಗುಮಾಸ್ತನಿಗೆ ಸಂಜೆಯ ತಾಳೆಯೊಂದಿತ್ತು; ಅರ್ಧ ಬರೆದ ಲೆಕ್ಕ ಅಲ್ಲಿ ಸಿಕ್ಕಿಬೀಳುತ್ತಿತ್ತು. ಪ್ರೊಸೀಜರಿಗೆ ಅಂಥ ಸಂಜೆಯಿಲ್ಲ. ಅದು ವಾಕ್ಯಗಳನ್ನು ಒಂದು ಹೆಸರಿನಡಿ ಕೂಡಿಸುತ್ತದೆ, ಕಟ್ಟುವುದಿಲ್ಲ. ನಮ್ಮ ಬಂದರಿನ ಹೊರೆಯಾಳು ಮೂಟೆಯನ್ನು ಬೆನ್ನಿಗೇರಿಸುವ ಮುನ್ನ ಅದರ ಬಾಯಿ ಹೊಲಿದಿದೆಯೇ ಎಂದು ಒಮ್ಮೆ ಕೈಯಾಡಿಸಿ ನೋಡುತ್ತಾನೆ. ಆ ವಿವೇಕವನ್ನಷ್ಟೇ ನಾನು ಈ ಸ್ತುತಿಪಾಠಕರಿಂದ ಅಪೇಕ್ಷಿಸುವುದು.